ಜ್ವರ ಬಿಟ್ಟಿತು, ಮಿದುಳಿಗೇನಾಯಿತು?

ಓದುಗರ ಪ್ರಶ್ನೆ, ನರರೋಗ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದವು: ಜ್ವರ ಬಂದು ಹೋದ ಮೇಲೆ ಮರೆವು, ಮಂಕು, ಬಡಬಡಿಕೆ, ಸ್ವಭಾವದಲ್ಲಿ ಬದಲಾವಣೆ. ಒಂದೊಂದಾಗಿ ಉತ್ತರಿಸುವ ಮುನ್ನ ಎಲ್ಲರಿಗೂ ಬೇಕಾದ ಒಂದು ವಿಷಯ ಹೇಳಿಬಿಡುತ್ತೇವೆ. ವೈರಸ್ ಸೋಂಕು ಮಿದುಳನ್ನು ಕೆಡಿಸುವ ದಾರಿಗಳು ಮುಖ್ಯವಾಗಿ ಎರಡು. ವೈರಸ್ಸೇ ಒಳಹೊಕ್ಕು ನರಕೋಶಗಳನ್ನು ಕೊಲ್ಲುವುದು ಒಂದು. ವೈರಸ್ಸನ್ನು ಎದುರಿಸಲು ಎದ್ದ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಕೆಲಸಕ್ಕೆ ಅಡ್ಡಬರುವುದು ಇನ್ನೊಂದು. ಚಿಕಿತ್ಸೆ ಎರಡಕ್ಕೂ ಬೇರೆ ಬೇರೆ. ಯಾವ ದಾರಿ ಎಂದು ಊಹಿಸಲು ವೈದ್ಯರಿಗೆ ಮೊದಲು ಬೇಕಾಗುವುದು ಸ್ಕ್ಯಾನ್ ಅಲ್ಲ, ತಾರೀಖು. ಜ್ವರ ಶುರುವಾದ ದಿನ, ಬಿಟ್ಟ ದಿನ, ಮಾತು ಅಥವಾ ವರ್ತನೆ ಬದಲಾದ ದಿನ. ಈ ಮೂರನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬಂದ ಕುಟುಂಬದವರು ಅರ್ಧ ರೋಗನಿರ್ಣಯ ಮಾಡಿಕೊಂಡೇ ಬಂದ ಹಾಗೆ.

ಪ್ರಶ್ನೆ: ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ವಯಸ್ಸು 41. ನಾಲ್ಕು ತಿಂಗಳ ಹಿಂದೆ ಕೋವಿಡ್ ಬಂದಿತ್ತು, ಆಸ್ಪತ್ರೆಗೆ ಸೇರುವಷ್ಟೇನೂ ಆಗಿರಲಿಲ್ಲ. ಆದರೆ ಈಗ ಪಾಠದ ಮಧ್ಯೆ ಮಾತು ನಿಂತುಹೋಗುತ್ತದೆ, ಗೊತ್ತಿರುವ ಪದವೇ ನಾಲಿಗೆಗೆ ಬರುವುದಿಲ್ಲ. ಎಮ್‌ಆರ್‌ಐ ನಾರ್ಮಲ್. ಮನೆಯವರು 'ಎಲ್ಲಾ ನಿನ್ನ ಮನಸ್ಸಿನದು' ಅನ್ನುತ್ತಾರೆ. ಇದು ಮರೆವಿನ ಕಾಯಿಲೆಯ ಶುರುವೇ? (ಧಾರವಾಡ)

ಅಲ್ಲ. ನೀವು ಬರೆದಿರುವ ರೀತಿ ಮರೆವಿನ ಕಾಯಿಲೆಯದಲ್ಲ. ಹಾಗೆಂದು ಇದು ನಿಮ್ಮ ಕಲ್ಪನೆಯೂ ಅಲ್ಲ. ಸೋಂಕಾದಾಗ ರಕ್ಷಣಾ ಕೋಶಗಳು ಇಂಟರ್‌ಲ್ಯೂಕಿನ್, ಟಿಎನ್ಎಫ್, ಇಂಟರ್‌ಫೆರಾನ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಬಿಡುತ್ತವೆ. ಇವುಗಳ ಸುದ್ದಿ ರಕ್ತದ ಮೂಲಕವೂ, ಎದೆ-ಹೊಟ್ಟೆಯಿಂದ ಮಿದುಳಿಗೆ ಹೋಗುವ ವೇಗಸ್ ನರದ ಮೂಲಕವೂ ಮಿದುಳನ್ನು ಮುಟ್ಟುತ್ತದೆ. ಅಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ಎಚ್ಚರಗೊಳ್ಳುತ್ತವೆ. ಜ್ವರ ಬಂದಾಗ ಯಾರೊಂದಿಗೂ ಮಾತು ಬೇಡ, ಊಟ ಬೇಡ, ಮಲಗಿದರೆ ಸಾಕು ಅನ್ನಿಸುವುದು ಈ ಸಂದೇಶಗಳ ಕೆಲಸ. ಶಕ್ತಿಯೆಲ್ಲ ಸೋಂಕಿನ ವಿರುದ್ಧ ಹೋರಾಡಲು ಹೋಗಲಿ ಎಂದು ದೇಹ ಮಾಡಿಕೊಂಡಿರುವ ಏರ್ಪಾಡು ಅದು. ಕೆಲವರಲ್ಲಿ ಸೋಂಕು ಮುಗಿದರೂ ಈ ಎಚ್ಚರ ಇಳಿಯುವುದಿಲ್ಲ.

ಇದಕ್ಕೆ ವೈರಸ್ ಮಿದುಳಿನೊಳಗೆ ಇರಲೇಬೇಕಾಗಿಲ್ಲ. ಹಿಂದೆ ಹೆಪಟೈಟಿಸ್ ಸಿ ರೋಗಿಗಳಿಗೆ ತಿಂಗಳುಗಟ್ಟಲೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದ ಕಾಲದಲ್ಲಿ, ಸುಮಾರು ಮೂರರಲ್ಲಿ ಒಬ್ಬರು ಖಿನ್ನತೆಗೆ ಬೀಳುತ್ತಿದ್ದರು. ಗಮನ ನಿಲ್ಲದೆ, ಯೋಚನೆ ನಿಧಾನವಾಗಿ ಒದ್ದಾಡುತ್ತಿದ್ದವರು ಇನ್ನೂ ಹಲವರು. ರಕ್ಷಣಾ ಪ್ರೋಟೀನೊಂದೇ ಮಿದುಳನ್ನು ಹೀಗೆ ಮಂಕು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ. ಕೋವಿಡ್ ಬಗ್ಗೆಯೇ ಹೇಳುವುದಾದರೆ, ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 1 ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೂರ್ತಿ ಗುಣವಾದವರಲ್ಲೂ ಸರಾಸರಿ ಐಕ್ಯೂ ಲೆಕ್ಕದಲ್ಲಿ 3 ಅಂಕದಷ್ಟು ಇಳಿಕೆ, ಲಕ್ಷಣಗಳು ಉಳಿದವರಲ್ಲಿ 6, ಐಸಿಯು ಕಂಡವರಲ್ಲಿ 9. ಇವು ಸರಾಸರಿ ಅಂಕಿಗಳು, ನಿಮ್ಮೊಬ್ಬರ ಭವಿಷ್ಯವಲ್ಲ. ಆದರೆ 'ಎಲ್ಲಾ ಮನಸ್ಸಿನದು' ಎನ್ನುವವರಿಗೆ ತೋರಿಸಲು ಸಾಕು. ಎಮ್‌ಆರ್‌ಐ ನಾರ್ಮಲ್ ಬಂದದ್ದು ಗಡ್ಡೆ, ಪಾರ್ಶ್ವವಾಯು, ದೊಡ್ಡ ಹಾನಿ ಇಲ್ಲ ಎಂದು ಹೇಳುತ್ತದೆ, ಅಷ್ಟೇ. ಕೋಶಮಟ್ಟದ ಈ ಗಲಿಬಿಲಿ ಮಾಮೂಲಿ ಸ್ಕ್ಯಾನಿಗೆ ಕಾಣುವುದಿಲ್ಲ.

ಈಗ ಮಾಡಬೇಕಾದ ಕೆಲಸ. ಮೊದಲು, ಗುಣಪಡಿಸಬಹುದಾದ ಬೇರೆ ಕಾರಣಗಳನ್ನು ಹುಡುಕಿ: ಹಿಮೋಗ್ಲೋಬಿನ್, ಥೈರಾಯ್ಡ್ ಟಿಎಸ್‌ಎಚ್, ವಿಟಮಿನ್ ಬಿ12, ಸಕ್ಕರೆ, ಸೋಡಿಯಂ. ನಮ್ಮಲ್ಲಿ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಎಷ್ಟು ಸಾಮಾನ್ಯವೆಂದರೆ, ಈ ಪರೀಕ್ಷೆ ಮಾಡಿಸದೆ ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟುವುದು ತಪ್ಪು. ಬಿ12 ಮಿ.ಲೀ.ಗೆ 200 ಪಿಕೊಗ್ರಾಂಗಿಂತ ಕಡಿಮೆ ಇದ್ದರೆ ಚಿಕಿತ್ಸೆ ಬೇಕೇ ಬೇಕು. ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟುತ್ತದೆಯೇ ಎಂದು ಮನೆಯವರನ್ನು ಕೇಳಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಮಾಡಿ: ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮೈನ್, ನಿದ್ದೆಗೆಂದು ನುಂಗುವ ಆಲ್‌ಪ್ರಾಜೊಲಾಮ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಈ ಮೂರೂ ಮಂಕನ್ನು ಹೆಚ್ಚಿಸುತ್ತವೆ. ಮನಸ್ಸು ಕುಗ್ಗಿದ್ದರೆ ಅದಕ್ಕೂ ಚಿಕಿತ್ಸೆ ತೆಗೆದುಕೊಳ್ಳಿ. ಅದರಿಂದ ನಿಮ್ಮ ತೊಂದರೆ ಸುಳ್ಳಾಗುವುದಿಲ್ಲ.

ಎರಡನೆಯದು, ಶಕ್ತಿಯನ್ನು ಅಳೆದು ಖರ್ಚು ಮಾಡುವುದು. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ದಿನ ಹಗುರವೆನಿಸಿತೆಂದು ಬಾಕಿ ಕೆಲಸವೆಲ್ಲ ಮುಗಿಸುತ್ತಾರೆ. ಪೆಟ್ಟು ಅಂದೇ ಬೀಳುವುದಿಲ್ಲ, 12ರಿಂದ 48 ಗಂಟೆ ಬಿಟ್ಟು ಬೀಳುತ್ತದೆ, ಆದ್ದರಿಂದ ಕಾರಣ ಯಾವುದೆಂದು ಹೊಳೆಯುವುದೇ ಇಲ್ಲ. ಎರಡು ವಾರ ದಿನಚರಿ ಬರೆಯಿರಿ: ಎಷ್ಟು ಗಂಟೆ ಪಾಠ, ಎಷ್ಟು ಓದು, ಎಷ್ಟು ನಡಿಗೆ, ಮರುದಿನ ಹೇಗಿತ್ತು. ಸುಸ್ತು ಶುರುವಾಗುವ ಮಟ್ಟಕ್ಕಿಂತ ಕೆಳಗೇ ನಿಲ್ಲಿಸಿ, ಮುಕ್ಕಾಲು ಪಾಲು ಶಕ್ತಿಯಲ್ಲಿ ಕೆಲಸ ಮಾಡಿ. ಉತ್ತರಪತ್ರಿಕೆ ತಿದ್ದುವುದನ್ನು 25 ನಿಮಿಷದ ತುಂಡುಗಳಾಗಿ ಒಡೆಯಿರಿ, ನಡುವೆ ಹತ್ತು ನಿಮಿಷ ಮೊಬೈಲೂ ಇಲ್ಲದ ವಿಶ್ರಾಂತಿ. ಮರುದಿನ ಕುಸಿತವಾಗದಿದ್ದರೆ ಮಾತ್ರ ಮುಂದಿನ ವಾರ ಸ್ವಲ್ಪ ಏರಿಸಿ. ಪಾಠದ ಮುಖ್ಯಾಂಶಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅದರಲ್ಲಿ ನಾಚಿಕೆಯಿಲ್ಲ. ಪದ ಸಿಗದಿರುವುದು ಹಲವರಲ್ಲಿ ಕಾಲಕ್ರಮೇಣ ಕಡಿಮೆಯಾಗುತ್ತದೆ. ಆದರೆ ದಾರಿ ತಪ್ಪುವುದು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಅಥವಾ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿರುವುದು ಕಂಡರೆ ಕಾಯದೆ ನರರೋಗ ತಜ್ಞರನ್ನು ಕಾಣಿ. 'ಬ್ರೇನ್ ಟಾನಿಕ್' ಎಂದು ಮಾರುವ ಸಿರಪ್ಪು, ಮಾತ್ರೆಗಳಿಗೆ ಹಣ ಹಾಕಬೇಡಿ.

ಪ್ರಶ್ನೆ: ನಮ್ಮ ಅಕ್ಕನ ಮಗ, ಎಂಟು ವರ್ಷ. ಮೂರು ದಿನ ಜ್ವರ, ವಾಂತಿ, ತಲೆನೋವು. ನಾಲ್ಕನೇ ದಿನ ಅಮ್ಮನ ಗುರುತೇ ಸಿಗಲಿಲ್ಲ, ಏನೇನೋ ಮಾತಾಡಿದ, ಫಿಟ್ಸ್ ಬಂತು. ಗಾಳಿ ಸೋಕಿದೆ ಎಂದು ಒಂದು ದಿನ ತಾಯಿತ ಕಟ್ಟಿಸಿ ಆಮೇಲೆ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಬೆನ್ನಿನ ನೀರು ತೆಗೆಯಬೇಕು ಅನ್ನುತ್ತಿದ್ದಾರೆ. ತೆಗೆದರೆ ಕಾಲು ಹೋಗುತ್ತದೆ ಎಂದು ಮನೆಯ ಹಿರಿಯರು ಬಿಡುತ್ತಿಲ್ಲ. (ಸಿಂಧನೂರು)

ಪತ್ರಿಕೆ ನಿಮ್ಮ ಕೈಸೇರುವ ಹೊತ್ತಿಗೆ ನಿಮ್ಮ ಮನೆಯ ತೀರ್ಮಾನ ಆಗಿರುತ್ತದೆ. ಆದ್ದರಿಂದ ನಿಮಗೆ ಫೋನಿನಲ್ಲಿ ಹೇಳಿಯಾಗಿದೆ. ಇದೇ ಭಯದಲ್ಲಿರುವ ಉಳಿದ ಮನೆಗಳಿಗಾಗಿ ಇಲ್ಲಿ ವಿವರವಾಗಿ ಬರೆಯುತ್ತೇವೆ.

ಕಾಲು ಹೋಗುವುದಿಲ್ಲ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಮಟ್ಟದಲ್ಲೇ ಮುಗಿದುಬಿಡುತ್ತದೆ, ಎಂಟು ವರ್ಷದ ಮಗುವಿನಲ್ಲೂ ಹಾಗೆಯೇ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಮೂರನೇ-ನಾಲ್ಕನೇ ಅಥವಾ ನಾಲ್ಕನೇ-ಐದನೇ ಮೂಳೆಯ ಸಂದಿಯಲ್ಲಿ. ಅಲ್ಲಿ ಇರುವುದು ನೀರಿನಲ್ಲಿ ತೇಲಾಡುವ ನರದ ಎಳೆಗಳು, ಸೂಜಿ ತಾಗಿದರೆ ಪಕ್ಕಕ್ಕೆ ಸರಿಯುತ್ತವೆ. ಮಗುವನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲನ್ನು ಎದೆಗೆ ಮಡಚಿ ಹಿಡಿಯುತ್ತಾರೆ, ಹಾಗೆ ಮಾಡಿದರೆ ಮೂಳೆಗಳ ಸಂದಿ ತೆರೆದುಕೊಳ್ಳುತ್ತದೆ. ಚರ್ಮಕ್ಕೆ ಮರಗಟ್ಟಿಸುವ ಮದ್ದು ಕೊಟ್ಟು, ಸಣ್ಣ ಸೂಜಿಯಿಂದ ಹನಿಹನಿಯಾಗಿ ಕೆಲವೇ ಮಿಲಿಲೀಟರ್ ಹಿಡಿಯುತ್ತಾರೆ. ದೊಡ್ಡವರ ದೇಹದಲ್ಲಿ ಈ ನೀರು ಒಟ್ಟು 150 ಮಿ.ಲೀ.ನಷ್ಟು ಇರುತ್ತದೆ, ಗಂಟೆಗೆ ಸುಮಾರು 20 ಮಿ.ಲೀ. ಹೊಸದಾಗಿ ತಯಾರಾಗುತ್ತಲೇ ಇರುತ್ತದೆ. ತೆಗೆದದ್ದು ಅದೇ ದಿನ ತುಂಬಿಕೊಳ್ಳುತ್ತದೆ. ಕೆಲವರಿಗೆ ನಂತರ ಎದ್ದು ಕೂತರೆ ತಲೆನೋವು, ಮಲಗಿದರೆ ಕಡಿಮೆ ಎನ್ನುವ ತೊಂದರೆ ಎರಡು-ಮೂರು ದಿನ ಇರಬಹುದು. ಪ್ಲೇಟ್‌ಲೆಟ್ ತೀರಾ ಕಡಿಮೆಯಿದ್ದರೆ, ಮಿದುಳಿನ ಒತ್ತಡ ಹೆಚ್ಚಿದೆ ಎಂಬ ಅನುಮಾನವಿದ್ದರೆ ವೈದ್ಯರೇ ಮುಂದೂಡಿ ಮೊದಲು ಸ್ಕ್ಯಾನ್ ಮಾಡಿಸುತ್ತಾರೆ.

ಆ ಕೆಲವು ಹನಿ ಏಕೆ ಬೇಕು? ಅದರಲ್ಲಿ ಬಿಳಿ ರಕ್ತಕಣ ಸಾಮಾನ್ಯವಾಗಿ ಘನ ಮಿಲಿಮೀಟರಿಗೆ 5 ಮೀರುವುದಿಲ್ಲ. ಅದು ಏರಿದ್ದರೆ ಮಿದುಳಿನಲ್ಲಿ ಅಥವಾ ಅದರ ಪೊರೆಯಲ್ಲಿ ಉರಿಯೂತವಿದೆ. ಅದರಲ್ಲಿನ ಸಕ್ಕರೆ ರಕ್ತದ ಸಕ್ಕರೆಯ ಸುಮಾರು ಮೂರರಲ್ಲಿ ಎರಡು ಪಾಲು ಇರಬೇಕು. ವೈರಸ್ ಆದರೆ ಸಾಮಾನ್ಯವಾಗಿ ಹಾಗೇ ಇರುತ್ತದೆ, ಬ್ಯಾಕ್ಟೀರಿಯಾ ಅಥವಾ ಕ್ಷಯದ ಸೋಂಕಾದರೆ ಬಹಳ ಇಳಿದಿರುತ್ತದೆ. ಅದೇ ಹೊತ್ತಿನಲ್ಲಿ ರಕ್ತದ ಸಕ್ಕರೆಯನ್ನೂ ನೋಡದಿದ್ದರೆ ಈ ಅಂಕಿಗೆ ಅರ್ಥವಿಲ್ಲ. ಅವಸರದಲ್ಲಿ ಬಿಟ್ಟುಹೋಗುವ ಪರೀಕ್ಷೆ ಇದು, ನೆನಪಿಸಿ ಕೇಳಿ.

ನಿಮ್ಮ ಸೀಮೆಯಲ್ಲಿ ಗದ್ದೆ, ನಾಲೆ, ಹಂದಿ, ಬೆಳ್ಳಕ್ಕಿ ಎಲ್ಲವೂ ಇವೆ. ಜಪಾನೀಸ್ ಮಿದುಳು ಜ್ವರದ ವೈರಸ್ಸಿಗೆ ಬೇಕಾದದ್ದು ಅದೇ. ಗದ್ದೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಕತ್ತಲಾದ ಮೇಲೆ ಕಚ್ಚಿ ಅದನ್ನು ಹಬ್ಬಿಸುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಸೋಂಕಾದವರಲ್ಲಿ ಮಿದುಳಿಗೆ ಏರುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ. ಏರಿದರೆ ಮಾತ್ರ ನೂರರಲ್ಲಿ 20–30 ಮಂದಿ ಸಾಯುತ್ತಾರೆ, ಬದುಕಿದವರಲ್ಲಿ 30–50 ಮಂದಿಗೆ ಕಲಿಕೆ, ಚಲನೆ, ನಡವಳಿಕೆಯ ತೊಂದರೆ ಉಳಿಯುತ್ತದೆ. ಈ ವೈರಸ್ಸಿಗೆ ಮಿದುಳಿನ ಆಳದ ಥಲಾಮಸ್ ಮತ್ತು ಚಲನೆಯನ್ನು ನಿಯಂತ್ರಿಸುವ ನೆರೆಯ ಭಾಗಗಳೆಂದರೆ ಇಷ್ಟ. ಕೆಲವು ಮಕ್ಕಳು ಚೇತರಿಸಿಕೊಳ್ಳುವಾಗ ಪಾರ್ಕಿನ್ಸನ್ ರೋಗಿಗಳಂತೆ ಮುಖಭಾವವಿಲ್ಲದೆ, ಕೈ ನಡುಗುತ್ತಾ ಇರುವುದು ಅದಕ್ಕೇ. ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆ ಮೊದಲ ದಿನಗಳಲ್ಲಿ ನೆಗೆಟಿವ್ ಬಂದರೆ ಅದೇ ಕೊನೆಯ ಮಾತಲ್ಲ, 10ನೇ ದಿನದ ನಂತರ ಮತ್ತೆ ಮಾಡಿಸಬೇಕು. ಇದನ್ನು ಕೊಲ್ಲುವ ಔಷಧಿ ಇಲ್ಲ, ಲಸಿಕೆ ಇದೆ. ರೋಗ ಕಾಣುವ ಜಿಲ್ಲೆಗಳಲ್ಲಿ 9 ತಿಂಗಳಿಗೆ ಒಂದು, 16–24 ತಿಂಗಳಿಗೆ ಇನ್ನೊಂದು ಡೋಸ್ ಉಚಿತ. 2022ರ ಡಿಸೆಂಬರಿನಲ್ಲಿ ರಾಜ್ಯದ ಇನ್ನೂ ಹತ್ತು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಹಾಕಲಾಯಿತು. ನಮ್ಮ ದೇಶದಲ್ಲೇ ತಯಾರಾದ ಒಂದು ಲಸಿಕೆಯ ಮೂಲ ವೈರಸ್ ಸಿಕ್ಕಿದ್ದು ಕೋಲಾರದ ರೋಗಿಯಲ್ಲಿ, 1980ರ ದಶಕದ ಆರಂಭದಲ್ಲಿ.

ವರದಿ ಬರುವ ತನಕ ವೈದ್ಯರು ಹರ್ಪಿಸ್ ವೈರಸ್ಸಿನ ಮದ್ದಾದ ಅಸೈಕ್ಲೊವಿರ್, ಆ್ಯಂಟಿಬಯೋಟಿಕ್, ಚಿಗರ್ ಎಂಬ ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ಸಿಗೆ ಡಾಕ್ಸಿಸೈಕ್ಲಿನ್ ಎಲ್ಲವನ್ನೂ ಒಟ್ಟಿಗೇ ಶುರು ಮಾಡಬಹುದು. ಗುಣವಾಗುವ ಕಾಯಿಲೆಗಳನ್ನು ಕೈಬಿಡದಿರಲು ಹಾಗೆ ಮಾಡುತ್ತಾರೆ, ದಾರಿ ತಿಳಿಯದೆ ಅಲ್ಲ. ತಾಯಿತ ಕಟ್ಟಿಸುವುದಕ್ಕೆ ನಮ್ಮ ತಕರಾರಿಲ್ಲ, ಆಸ್ಪತ್ರೆಯ ಹಾಸಿಗೆಯ ಮೇಲೆ ಕಟ್ಟಿಸಿ. ಆ ಒಂದು ದಿನದ ಬೆಲೆ ಬಹಳ.

ಪ್ರಶ್ನೆ: ಮಗಳಿಗೆ ಒಂದೂವರೆ ವರ್ಷ. ವೈರಲ್ ಜ್ವರದಲ್ಲಿ ಎರಡು ನಿಮಿಷ ಫಿಟ್ಸ್ ಬಂತು. ಬುದ್ಧಿಗೆ ತೊಂದರೆಯಾಗುತ್ತದೆಯೇ? ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆಯೇ? (ಅರಸೀಕೆರೆ)

ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಹೀಗಾಗುತ್ತದೆ. ಹದಿನೈದು ನಿಮಿಷದೊಳಗೆ ನಿಂತು, ಮಗು ಮತ್ತೆ ಮೊದಲಿನಂತಾದರೆ ಬುದ್ಧಿಗೆ ಏನೂ ಆಗುವುದಿಲ್ಲ. ಕಬ್ಬಿಣದಿಂದ ನಿಲ್ಲುವುದಿಲ್ಲ, ತಾನೇ ನಿಲ್ಲುವ ಹೊತ್ತಿಗೆ ನಾವು ಕಬ್ಬಿಣ ಹುಡುಕಿ ತಂದಿರುತ್ತೇವೆ, ಅಷ್ಟೇ. ಮಗ್ಗುಲಾಗಿ ಮಲಗಿಸಿ, ಬಾಯಿಗೆ ಚಮಚ, ನೀರು, ಬೆರಳು ಏನನ್ನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ, ವೈದ್ಯರು ಬರೆದುಕೊಟ್ಟಿದ್ದರೆ, ಮಿಡಜೋಲಾಮ್ ಮೂಗಿನ ಸ್ಪ್ರೇ (ಕೆ.ಜಿ.ಗೆ 0.2 ಮಿ.ಗ್ರಾಂ) ಕೊಟ್ಟು ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ಕೊಡುವಾಗ ಬಾಟಲಿ ಓದಿ: 5 ಮಿ.ಲೀ.ಗೆ 120 ಮಿ.ಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಹತ್ತು ಕೆ.ಜಿ. ಮಗುವಿಗೆ ಒಂದು ಸಲಕ್ಕೆ 150 ಮಿ.ಗ್ರಾಂ, ಅಂದರೆ ಮೊದಲನೆಯದರಲ್ಲಿ ಸುಮಾರು 6 ಮಿ.ಲೀ., ಎರಡನೆಯದರಲ್ಲಿ 3 ಮಿ.ಲೀ. ಎರಡನ್ನು ಅದಲು ಬದಲು ಮಾಡಿದರೆ ಡೋಸ್ ದುಪ್ಪಟ್ಟಾಗುತ್ತದೆ, ಇಲ್ಲವೇ ಅರ್ಧವಾಗುತ್ತದೆ. ಇದು ಜ್ವರದ ಸಂಕಟ ಇಳಿಸಲು ಮಾತ್ರ, ಫಿಟ್ಸ್ ತಡೆಯುವುದಿಲ್ಲ.

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಹರ್ಪಿಸ್ ಮಿದುಳು ಜ್ವರವೆಂದು 21 ದಿನ ಇಂಜೆಕ್ಷನ್ ಕೊಟ್ಟು ಗುಣವಾಗಿ ಮನೆಗೆ ಬಂದ. ಐದು ವಾರ ಚೆನ್ನಾಗಿದ್ದವನು ಈಗ ರಾತ್ರಿ ನಿದ್ದೆ ಮಾಡುವುದಿಲ್ಲ, ಯಾರೋ ವಿಷ ಹಾಕುತ್ತಾರೆ ಎಂದು ಊಟ ಬಿಡುತ್ತಾನೆ, ಬಾಯಿ ಸೊಟ್ಟ ಮಾಡುತ್ತಿರುತ್ತಾನೆ. ಮಾನಸಿಕ ಕಾಯಿಲೆ ಎಂದು ಮಾತ್ರೆ ಕೊಟ್ಟರು, ಮೈ ಮರದಂತೆ ಬಿಗಿಯಾಯಿತು. (ಬೆಂಗಳೂರು)

ಇಂದೇ ನರರೋಗ ವಿಭಾಗವಿರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮೊದಲ ಡಿಸ್‌ಚಾರ್ಜ್ ಪತ್ರ ಜೊತೆಗಿರಲಿ. ನೀವು ಬರೆದ 'ಐದು ವಾರ' ಎಂಬ ಎರಡು ಪದಗಳೇ ಇಲ್ಲಿ ದಾರಿ ತೋರಿಸುತ್ತಿವೆ.

ಮೊದಲ ಸಲ ಆದದ್ದು ವೈರಸ್ಸಿನ ನೇರ ಹಾವಳಿ. ಹರ್ಪಿಸ್ ಸಿಂಪ್ಲೆಕ್ಸ್ ಕಿವಿಯ ಮೇಲ್ಭಾಗದಲ್ಲಿರುವ ಟೆಂಪೊರಲ್ ಭಾಗವನ್ನು ಹಿಡಿಯುತ್ತದೆ. ಹೊಸ ನೆನಪು ಕಟ್ಟುವುದು, ವಾಸನೆ ತಿಳಿಯುವುದು, ಪದ ಹುಡುಕುವುದು ಅಲ್ಲಿಯ ಕೆಲಸ. ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ ಸುಮಾರು 70 ಜನ ಉಳಿಯುವುದಿಲ್ಲ. ಅಸೈಕ್ಲೊವಿರನ್ನು ಕೆ.ಜಿ.ಗೆ 10 ಮಿ.ಗ್ರಾಂ ಲೆಕ್ಕದಲ್ಲಿ, 60 ಕೆ.ಜಿ.ಯವರಿಗೆ 600 ಮಿ.ಗ್ರಾಂ, ಎಂಟು ಗಂಟೆಗೊಮ್ಮೆ, 14ರಿಂದ 21 ದಿನ ರಕ್ತನಾಳದ ಮೂಲಕ ಕೊಡಬೇಕು. ಒಂದು ಗಂಟೆಯಷ್ಟು ನಿಧಾನವಾಗಿ, ಸಾಕಷ್ಟು ನೀರಿನಂಶ ಕೊಟ್ಟು ಹರಿಸದಿದ್ದರೆ ಅದು ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಬಾಯಿಯ ಮಾತ್ರೆ ಇದಕ್ಕೆ ಬದಲಿಯಲ್ಲ. ಬೆನ್ನಿನ ನೀರಿನಲ್ಲಿ ವೈರಸ್ಸನ್ನು ಹುಡುಕುವ ಪಿಸಿಆರ್ ಪರೀಕ್ಷೆ ಮೊದಲ ಮೂರು ದಿನದಲ್ಲಿ ತಪ್ಪಾಗಿ ನೆಗೆಟಿವ್ ಬರಬಹುದು. ಅದನ್ನು ನಂಬಿ ಇಂಜೆಕ್ಷನ್ ನಿಲ್ಲಿಸಿ ಕೆಟ್ಟ ಪ್ರಕರಣಗಳು ವೈದ್ಯಲೋಕಕ್ಕೆ ಗೊತ್ತಿವೆ. ನಿಮ್ಮ ತಮ್ಮನಿಗೆ ಇದೆಲ್ಲ ಸರಿಯಾಗಿಯೇ ಆಗಿದೆ.

ಎರಡನೇ ಸಲದ್ದು ಬೇರೆ. ವೈರಸ್ ನರಕೋಶಗಳನ್ನು ಒಡೆದಾಗ ಅವುಗಳ ಒಳಗಿನ ಪ್ರೋಟೀನುಗಳು ಹೊರಬಿದ್ದು ರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಬೀಳುತ್ತವೆ. ಕೆಲವರಲ್ಲಿ ಅದು ಇವನ್ನೂ ಶತ್ರುವೆಂದೇ ಎಣಿಸಿ ಪ್ರತಿಕಾಯ ತಯಾರಿಸುತ್ತದೆ. ಹೆಚ್ಚಾಗಿ ಗುರಿಯಾಗುವುದು ಎನ್‌ಎಮ್‌ಡಿಎ ಗ್ರಾಹಕ, ಅಂದರೆ ಕಲಿಕೆ ಮತ್ತು ನೆನಪಿಗೆ ಬೇಕಾದ, ನರಕೋಶಗಳ ಸಂಧಿಯಲ್ಲಿ ಸಂಕೇತ ಹಿಡಿಯುವ ಪ್ರೋಟೀನು. ಪ್ರತಿಕಾಯ ಎರಡು ಗ್ರಾಹಕಗಳನ್ನು ಜೋಡಿಸಿ ಹಿಡಿದಾಗ ನರಕೋಶ ಅವುಗಳನ್ನು ಒಳಕ್ಕೆ ಎಳೆದುಕೊಂಡುಬಿಡುತ್ತದೆ, ಸಂಧಿ ಖಾಲಿಯಾಗುತ್ತದೆ. ಕೋಶ ಸತ್ತಿರುವುದಿಲ್ಲ, ಗ್ರಾಹಕ ಮಾತ್ರ ಮರೆಯಾಗಿರುತ್ತದೆ. ಪ್ರತಿಕಾಯ ಇಳಿದರೆ ಗ್ರಾಹಕಗಳು ಮೇಲಕ್ಕೆ ಮರಳುತ್ತವೆ. ನಿಮ್ಮ ಕುಟುಂಬ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಮಾತು ಇದು: ವೈರಸ್ ಮಾಡಿದ ಹಾನಿಯಲ್ಲಿ ಸ್ವಲ್ಪ ಉಳಿಯಬಹುದು, ಆದರೆ ಈ ಎರಡನೇ ಪಾಲನ್ನು ಬಹುಮಟ್ಟಿಗೆ ತಿರುಗಿಸಬಹುದು.

ಈ ಕಾಯಿಲೆಯನ್ನು ಜೋಸೆಪ್ ದಾಲ್ಮೌ ಮತ್ತು ಸಂಗಡಿಗರು ಗುರುತಿಸಿ ವಿವರಿಸಿದ್ದು 2007ರಲ್ಲಿ. ಹರ್ಪಿಸ್ ಮಿದುಳು ಜ್ವರದ 51 ರೋಗಿಗಳನ್ನು ಬೆನ್ನುಹತ್ತಿ ನೋಡಿದ, 2018ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನದಲ್ಲಿ 14 ಜನರಿಗೆ ಹೀಗಾಗಿತ್ತು. ಅಷ್ಟೇನೂ ಅಪರೂಪವಲ್ಲ ಎಂದಾಯಿತು. ಚಿಕ್ಕಮಕ್ಕಳಲ್ಲಿ ಕೈಕಾಲು, ನಾಲಿಗೆ ತಡೆಯಿಲ್ಲದೆ ಹೊರಳಾಡುವುದು ಎದ್ದು ಕಾಣುತ್ತದೆ, ದೊಡ್ಡವರಲ್ಲಿ ಅನುಮಾನ, ಭ್ರಮೆ, ನಿದ್ರಾಹೀನತೆ.

ಆಸ್ಪತ್ರೆಯಲ್ಲಿ ಬೆನ್ನಿನ ನೀರನ್ನು ಮತ್ತೊಮ್ಮೆ ತೆಗೆದು ಎರಡು ಪರೀಕ್ಷೆ ಮಾಡಬೇಕು: ಹರ್ಪಿಸ್ ಪಿಸಿಆರ್ ಮತ್ತು ಎನ್‌ಎಮ್‌ಡಿಎ ಪ್ರತಿಕಾಯ. ಪಿಸಿಆರ್ ಪಾಸಿಟಿವ್ ಬಂದರೆ ವೈರಸ್ ಮರುಕಳಿಸಿದೆ, ಮತ್ತೆ ಅಸೈಕ್ಲೊವಿರ್. ಪಿಸಿಆರ್ ನೆಗೆಟಿವ್, ಪ್ರತಿಕಾಯ ಪಾಸಿಟಿವ್ ಆದರೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 1 ಗ್ರಾಂನಂತೆ 3–5 ದಿನ, ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಕೆ.ಜಿ.ಗೆ 0.4 ಗ್ರಾಂನಂತೆ 5 ದಿನ, ಇಲ್ಲವೇ ಪ್ಲಾಸ್ಮಾ ಬದಲಾವಣೆ. ಸಾಲದಿದ್ದರೆ ರಕ್ಷಣಾ ಕೋಶಗಳನ್ನು ತಗ್ಗಿಸುವ ರಿಟುಕ್ಸಿಮ್ಯಾಬ್. ರಕ್ತದಲ್ಲಿ ಮಾತ್ರ ಪರೀಕ್ಷಿಸಿ ನೆಗೆಟಿವ್ ಎಂದು ಕೈಬಿಡುವುದು ಸರಿಯಲ್ಲ, ಬೆನ್ನಿನ ನೀರಿನ ಪರೀಕ್ಷೆ ಹೆಚ್ಚು ನಂಬಿಕಸ್ಥ. ಇಮ್ಯುನೊಗ್ಲೋಬ್ಯುಲಿನ್ ಬಹಳ ದುಬಾರಿ, ಆದ್ದರಿಂದ ದಾಖಲಾಗುವಾಗಲೇ ಯಾವ ಯೋಜನೆಯಲ್ಲಿ ನೆರವು ಸಿಗುತ್ತದೆ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ.

ಮೈ ಮರದಂತಾದದ್ದೂ ಮುಖ್ಯ ಸುಳಿವು. ಈ ರೋಗಿಗಳಿಗೆ ಭ್ರಮೆಗೆಂದು ಕೊಡುವ ಹ್ಯಾಲೊಪೆರಿಡಾಲ್‌ನಂಥ ಮಾತ್ರೆಗಳು ಒಗ್ಗುವುದಿಲ್ಲ, ಮೈ ಬಿಗಿದು ಜ್ವರ ಏರಿ ಜೀವಕ್ಕೇ ಬರಬಹುದು. ಕೊಟ್ಟ ಮಾತ್ರೆಯ ಹೆಸರು, ತಾರೀಖು ಬರೆದುಕೊಂಡು ಹೋಗಿ. ಚೇತರಿಕೆ ವಾರಗಳ ಲೆಕ್ಕದ್ದಲ್ಲ, ತಿಂಗಳುಗಳದ್ದು. ಭ್ರಮೆ, ಚಲನೆಯ ತೊಂದರೆ ಮೊದಲು ಇಳಿಯುತ್ತವೆ. ನೆನಪು, ಯೋಜನೆ ಹಾಕಿ ಕೆಲಸ ಮಾಡುವ ಶಕ್ತಿ ಕೊನೆಗೆ ಬರುತ್ತವೆ, ವರ್ಷವೂ ಹಿಡಿಯಬಹುದು. ಆ ಅವಧಿಯಲ್ಲಿ ಅವನ ಬೈಗುಳ, ಅನುಮಾನ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಪ್ರಶ್ನೆ: ಮಂಗನ ಕಾಯಿಲೆ ಬಂದು ಹುಷಾರಾಗಿ ಹತ್ತು ದಿನ ತೋಟಕ್ಕೂ ಹೋಗಿ ಬಂದರು ನಮ್ಮ ಯಜಮಾನರು. ಈಗ ಮತ್ತೆ ಜ್ವರ, ವಿಪರೀತ ತಲೆನೋವು, ಕೈ ನಡುಕ. ಮತ್ತೆ ಉಣುಗು ಕಚ್ಚಿರಬಹುದೇ? (ತೀರ್ಥಹಳ್ಳಿ)

ಹೊಸ ಕಡಿತ ಬೇಕಿಲ್ಲ. ಮಂಗನ ಕಾಯಿಲೆ ಕೆಲವರಲ್ಲಿ, ನೂರರಲ್ಲಿ 10–20 ಜನರಲ್ಲಿ, ಎರಡು ಮಜಲಿನಲ್ಲಿ ಬರುತ್ತದೆ. ಮೊದಲ ಜ್ವರದಲ್ಲಿ ಮೈಕೈ ನೋವು, ರಕ್ತಸ್ರಾವ, ಪ್ಲೇಟ್‌ಲೆಟ್ ಇಳಿತ. ಬಿಟ್ಟು ಒಂದೆರಡು ವಾರಕ್ಕೆ ಮರಳುವ ಜ್ವರ ನರಮಂಡಲದ್ದು: ತೀವ್ರ ತಲೆನೋವು, ಕುತ್ತಿಗೆ ಬಿಗಿತ, ನಡುಕ, ದೃಷ್ಟಿ ತೊಂದರೆ, ಗೊಂದಲ. 1957ರಲ್ಲಿ ಕ್ಯಾಸನೂರಿನಲ್ಲಿ ಪತ್ತೆಯಾದ ಈ ವೈರಸ್, ಡೆಂಗಿ ಮತ್ತು ಜಪಾನೀಸ್ ಮಿದುಳು ಜ್ವರದ ವೈರಸ್ಸುಗಳ ಕುಟುಂಬದ್ದೇ. ನೂರು ರೋಗಿಗಳಲ್ಲಿ 3–5 ಜನ ಸಾಯುವ ಕಾಯಿಲೆ ಇದು, ಮನೆಯಲ್ಲಿಟ್ಟುಕೊಂಡು ನೋಡುವಂಥದ್ದಲ್ಲ. ಆಸ್ಪತ್ರೆಯಲ್ಲಿ 'ಮೊದಲ ಜ್ವರ ಇಂಥ ತಾರೀಖು, ಬಿಟ್ಟದ್ದು ಇಂಥ ತಾರೀಖು' ಎಂದು ಹೇಳಿ, ಇಲ್ಲದಿದ್ದರೆ ಹೊಸ ವೈರಲ್ ಜ್ವರವೆಂದು ಕಳುಹಿಸಿಬಿಡುವ ಅಪಾಯವಿದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಬೇಡ, ಪ್ಯಾರಾಸಿಟಮಾಲ್ ಮಾತ್ರ. ಹಳೆಯ ಲಸಿಕೆಯನ್ನು ಈಗ ಕೊಡುತ್ತಿಲ್ಲ. ಆದ್ದರಿಂದ ಡಿಸೆಂಬರಿನಿಂದ ಮೇವರೆಗೆ ಕಾಡಿಗೆ, ಸೊಪ್ಪಿಗೆ ಹೋಗುವ ಮನೆಮಂದಿಗೆಲ್ಲ ಉಣುಗನ್ನು ದೂರವಿಡುವ ಡೆಪಾ ಎಣ್ಣೆ, ಉದ್ದ ತೋಳಿನ ಅಂಗಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಬೇಕು. ಬಟ್ಟೆಯನ್ನೂ ಬಿಸಿನೀರಿಗೇ ಹಾಕಿ.

ಪ್ರಶ್ನೆ: ನಮ್ಮ ಅತ್ತೆಗೆ 78. ಡೆಂಗಿ ಜ್ವರದಲ್ಲಿ ಸನ್ನಿ ಹಿಡಿದಂತೆ ಆಡುತ್ತಾರೆ. ಬೆಳಿಗ್ಗೆ ಸರಿ, ಸಂಜೆಯಾದರೆ ತೀರಿಹೋದ ಮಾವನವರನ್ನು ಕರೆಯುತ್ತಾರೆ. ನಿದ್ದೆ ಮಾತ್ರೆ ಕೊಡಬಹುದೇ? (ಮೈಸೂರು)

ಕೊಡಬೇಡಿ. ಆಲ್‌ಪ್ರಾಜೊಲಾಮ್, ಕ್ಲೊನಜೆಪಾಮ್ ಕೊಟ್ಟರೆ ಗೊಂದಲ ಹೆಚ್ಚಿ ಬಿದ್ದು ಸೊಂಟ ಮುರಿದುಕೊಳ್ಳುವುದೇ ಹೆಚ್ಚು. ಗಂಟೆಗಂಟೆಗೆ ಏರಿಳಿಯುವ ಈ ಗೊಂದಲ ಮರೆವಿನ ಕಾಯಿಲೆಯದಲ್ಲ. ಮನೆಯಲ್ಲೇ ಒಂದು ಪರೀಕ್ಷೆ: ವಾರದ ಹೆಸರುಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿ. ಯಾವಾಗಲೂ ಹೇಳಬಲ್ಲವರು ಈಗ ಎರಡು ದಿನಕ್ಕೇ ತಡವರಿಸಿದರೆ ಗಮನ ಕೆಟ್ಟಿದೆ ಎಂದರ್ಥ. ಇಂದೇ ರಕ್ತದ ಸೋಡಿಯಂ ನೋಡಿಸಿ. ರಕ್ತದೊತ್ತಡಕ್ಕೆ ನೀರು ಇಳಿಸುವ ಮಾತ್ರೆ ನುಂಗುವ ವೃದ್ಧರು ಜ್ವರದಲ್ಲಿ ಬರೀ ನೀರು, ಎಳನೀರು ಕುಡಿದಾಗ ಸೋಡಿಯಂ ತಟ್ಟನೆ ಇಳಿಯುತ್ತದೆ. ಸಕ್ಕರೆ, ಆಮ್ಲಜನಕ, ಮೂತ್ರ ಕಟ್ಟಿರುವುದು, ಮಲಬದ್ಧತೆಯನ್ನೂ ನೋಡಬೇಕು. ಡೆಂಗಿಯಲ್ಲಿ ಗೊಂದಲದ ಜೊತೆ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ ಇದ್ದರೆ ಆಸ್ಪತ್ರೆಗೇ ಸೇರಿಸಿ. ಮನೆಯಲ್ಲಿ ಕನ್ನಡಕ, ಕಿವಿಯಂತ್ರ ಹಾಕಿಸಿ, ಸಂಜೆ ದೀಪ ಬೇಗ ಹಚ್ಚಿ, ಪರಿಚಿತರೊಬ್ಬರು ಪಕ್ಕದಲ್ಲಿರಲಿ. 'ಅವರು ಸತ್ತುಹೋಗಿದ್ದಾರೆ' ಎಂದು ವಾದಿಸಲು ಹೋಗಬೇಡಿ.

ಪ್ರಶ್ನೆ: ಹನ್ನೊಂದು ವರ್ಷದ ಮಗ ಓದಿನಲ್ಲಿ ಮುಂದಿದ್ದ. ಆರು ತಿಂಗಳಿಂದ ಅಂಕ ಇಳಿದಿದೆ, ಅಕ್ಷರ ಕೆಟ್ಟಿದೆ. ಈಗ ಕೂತಲ್ಲೇ ಬೆಚ್ಚಿದಂತೆ ತಲೆ ಜೋಲುತ್ತದೆ, ತಟ್ಟೆ ಕೈಜಾರುತ್ತದೆ. ಶಾಲೆಯವರು ಸೋಮಾರಿತನ ಅನ್ನುತ್ತಾರೆ. ಒಂದು ವರ್ಷದವನಿದ್ದಾಗ ದಡಾರ ಆಗಿತ್ತು. (ಯಾದಗಿರಿ)

ನೀವು ದಡಾರವನ್ನು ನೆನಪಿಸಿಕೊಂಡು ಬರೆದದ್ದು ಬಹಳ ಉಪಕಾರವಾಯಿತು. ಪರೀಕ್ಷಿಸದೆ ಖಚಿತವಾಗಿ ಹೇಳಲಾರೆವು, ಆದರೆ ಎಸ್‌ಎಸ್‌ಪಿಇ ಎಂಬ ಕಾಯಿಲೆಯನ್ನು ಮೊದಲು ಪರಿಶೀಲಿಸಬೇಕು. ದಡಾರದ ವೈರಸ್ ರೂಪ ಬದಲಿಸಿಕೊಂಡು ಮಿದುಳಿನಲ್ಲಿ ಸದ್ದಿಲ್ಲದೆ ಉಳಿದು, ಸಾಮಾನ್ಯವಾಗಿ ಆರರಿಂದ ಹತ್ತು ವರ್ಷದ ನಂತರ ಮೇಲೇಳುತ್ತದೆ. ಎರಡು ವರ್ಷದೊಳಗೆ ದಡಾರ ಬಂದ ಮಕ್ಕಳಿಗೆ ಅಪಾಯ ಹೆಚ್ಚು, ಆ ವಯಸ್ಸಿನಲ್ಲಿ ರಕ್ಷಣಾ ವ್ಯವಸ್ಥೆ ವೈರಸ್ಸನ್ನು ಪೂರ್ತಿ ತೊಡೆದುಹಾಕುವಷ್ಟು ಬಲಿತಿರುವುದಿಲ್ಲ. ಮೊದಲು ಓದು, ನಡತೆ ಕೆಡುತ್ತದೆ. ಆಮೇಲೆ ಕೆಲವು ಸೆಕೆಂಡಿಗೊಮ್ಮೆ, ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಮೈ ಜಗ್ಗುತ್ತದೆ. ಎರಡು ನಿಮಿಷದ ಮೊಬೈಲ್ ವಿಡಿಯೊ ಮಾಡಿಕೊಳ್ಳಿ, ಅಂತರವನ್ನು ಎಣಿಸಿ ಬರೆಯಿರಿ. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯಲ್ಲಿ ಅದೇ ತಾಳಕ್ಕೆ ದೊಡ್ಡ ಅಲೆಗಳು ಕಾಣುತ್ತವೆ. ರಕ್ತ ಮತ್ತು ಬೆನ್ನಿನ ನೀರಿನಲ್ಲಿ ದಡಾರದ ಪ್ರತಿಕಾಯ ಬಹಳ ಹೆಚ್ಚಿದ್ದರೆ ಕಾಯಿಲೆ ಖಚಿತ. ನಿಮ್ಹಾನ್ಸ್‌ನಲ್ಲಿ ಈ ಪರೀಕ್ಷೆಗಳಿವೆ.

ಮರೆಮಾಚದೆ ಹೇಳುವುದು ನಮ್ಮ ಕರ್ತವ್ಯ: ಇದನ್ನು ವಾಸಿಮಾಡುವ ಔಷಧಿ ಇಲ್ಲ. ಐಸೊಪ್ರಿನೊಸಿನ್, ಇಂಟರ್‌ಫೆರಾನ್ ಕೆಲವರಲ್ಲಿ ವೇಗ ತಗ್ಗಿಸಿವೆ. ವಾಲ್‌ಪ್ರೊಯೇಟ್, ಕ್ಲೊಬಜಾಮ್, ಕಾರ್ಬಮಜೆಪಿನ್ ಜಗ್ಗುವಿಕೆಯನ್ನು ಹಿಡಿತಕ್ಕೆ ತರುತ್ತವೆ. ಆದರೆ ಇದೇ ಲಕ್ಷಣ ತೋರುವ, ಚಿಕಿತ್ಸೆಯಿರುವ ಕಾಯಿಲೆಗಳೂ ಇವೆ: ಮೂರ್ಛೆರೋಗದ ಕೆಲವು ಬಗೆ, ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ, ಮೇಲೆ ಹೇಳಿದ ಪ್ರತಿಕಾಯದ ಕಾಯಿಲೆ. ಆದ್ದರಿಂದ ಮಗನನ್ನು ಗದರಿಸುವುದನ್ನು ಇಂದೇ ನಿಲ್ಲಿಸಿ, ಈ ವಾರವೇ ಹೊರಡಿ.

ಉಳಿದ ಓದುಗರಿಗೆ: ಮಗುವಿಗೆ ದಡಾರ ಎದ್ದರೆ 'ಅಮ್ಮ ಬಂದಿದ್ದಾಳೆ' ಎಂದು ಬೇವಿನ ಸೊಪ್ಪು ಇಡುವ ಜೊತೆಗೆ ಆರೋಗ್ಯ ಕೇಂದ್ರಕ್ಕೂ ತೋರಿಸಿ, ವಿಟಮಿನ್ ಎ ಕೊಡಿಸಿ. ಆರರಿಂದ ಹನ್ನೊಂದು ತಿಂಗಳ ಮಗುವಿಗೆ 1 ಲಕ್ಷ ಯೂನಿಟ್, ವರ್ಷ ದಾಟಿದವರಿಗೆ 2 ಲಕ್ಷ, ಒಂದರ ಹಿಂದೆ ಒಂದು ಎರಡು ದಿನ. ಎಂಆರ್ (ದಡಾರ-ರುಬೆಲ್ಲಾ) ಲಸಿಕೆ 9 ತಿಂಗಳು ತುಂಬಿದ ಮೇಲೆ ಒಂದು, 16–24 ತಿಂಗಳಲ್ಲಿ ಇನ್ನೊಂದು. ಲಸಿಕೆಯಿಂದಲೇ ಎಸ್‌ಎಸ್‌ಪಿಇ ಬರುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ಸುಳ್ಳು. ಈ ರೋಗಿಗಳ ಮಿದುಳಿನಲ್ಲಿ ಸಿಕ್ಕಿರುವುದು ಕಾಯಿಲೆಯ ವೈರಸ್, ಲಸಿಕೆಯದಲ್ಲ.

ಪ್ರಶ್ನೆ: ನಾನು ವೇಲ್ಸ್‌ನ ಕಾರ್ಡಿಫ್‌ನಲ್ಲಿದ್ದೇನೆ. ಸರ್ಪಸುತ್ತಿನ ಲಸಿಕೆಯಿಂದ ಮರೆವಿನ ಕಾಯಿಲೆ ಕಡಿಮೆಯಾಗುತ್ತದೆ ಎಂದು ಇಲ್ಲಿ ಓದಿದೆ. ದಾವಣಗೆರೆಯಲ್ಲಿರುವ ಅಪ್ಪನಿಗೆ (68) ಹಾಕಿಸಲೇ? (ಕಾರ್ಡಿಫ್)

ನೀವು ಓದಿದ್ದು ನಿಮ್ಮ ಊರಿನ ಸುತ್ತಲಿನ ಜನರ ಮೇಲೆಯೇ ನಡೆದ ಅಧ್ಯಯನ. ವೇಲ್ಸ್‌ನಲ್ಲಿ 2013ರಲ್ಲಿ ಲಸಿಕೆ ಶುರುವಾದಾಗ 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಅರ್ಹತೆ ಎಂದು ಗೆರೆ ಎಳೆದಿದ್ದರು. ಕೆಲವೇ ವಾರ ಮುಂಚೆ ಹುಟ್ಟಿದವರಿಗೆ ಸಿಗಲಿಲ್ಲ. ಉಳಿದೆಲ್ಲ ವಿಷಯದಲ್ಲೂ ಒಂದೇ ತೆರನಾದ ಈ ಎರಡು ಗುಂಪನ್ನು ಏಳು ವರ್ಷ ಹೋಲಿಸಿದಾಗ, ಲಸಿಕೆ ಪಡೆದವರಲ್ಲಿ ಹೊಸದಾಗಿ ಮರೆವಿನ ಕಾಯಿಲೆ ಐದನೇ ಒಂದು ಪಾಲಿನಷ್ಟು ಕಡಿಮೆ ಇತ್ತು. 2025ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾವು ಗಂಭೀರವಾಗಿ ತೆಗೆದುಕೊಳ್ಳುತ್ತೇವೆ. ಸಾಮಾನ್ಯವಾಗಿ ಲಸಿಕೆ ಹಾಕಿಸಿಕೊಳ್ಳುವವರು ಮೊದಲೇ ಆರೋಗ್ಯದ ಕಾಳಜಿ ಇರುವವರು, ಅದರಿಂದ ಲೆಕ್ಕ ತಪ್ಪುತ್ತದೆ. ಹುಟ್ಟಿದ ತಾರೀಖಿನ ಗೆರೆ ಆ ತಪ್ಪನ್ನು ಬಹುಮಟ್ಟಿಗೆ ನಿವಾರಿಸಿದೆ. ಆದರೆ ಅದು ಹಳೆಯ, ಜೀವಂತ ವೈರಸ್ಸಿನ ಲಸಿಕೆ. ಈಗ ಭಾರತದಲ್ಲಿ ಸಿಗುವುದು ಪ್ರೋಟೀನಿನಿಂದ ತಯಾರಿಸಿದ ಬೇರೆ ಲಸಿಕೆ, 50 ದಾಟಿದವರಿಗೆ 2ರಿಂದ 6 ತಿಂಗಳ ಅಂತರದಲ್ಲಿ ಎರಡು ಡೋಸ್.

ನಮ್ಮ ಅಭಿಪ್ರಾಯ: ಸರ್ಪಸುತ್ತು ಮತ್ತು ಅದರ ನಂತರ ತಿಂಗಳುಗಟ್ಟಲೆ ಕಾಡುವ ನರನೋವು ತಪ್ಪಿಸಲು ಹಾಕಿಸಿ, ಅದಕ್ಕೆ ಬಲವಾದ ಆಧಾರವಿದೆ. ಮರೆವಿನ ವಿಷಯದಲ್ಲಿ ಲಾಭವಾದರೆ ಅದು ಮೇಲಿನದು. ಖರ್ಚು ಸಾಕಷ್ಟಾಗುತ್ತದೆ. ಹಣ ಹೊಂದಿಸಬೇಕಾದ ಮನೆಯಾದರೆ ಅಪ್ಪನ ರಕ್ತದೊತ್ತಡ, ಸಕ್ಕರೆ, ಕಿವಿಯಂತ್ರಕ್ಕೆ ಮೊದಲ ಸ್ಥಾನ ಕೊಡಿ. ಹಾಕಿಸಿದ ಮರುದಿನ ತೋಳುನೋವು, ಕೆಲವರಿಗೆ ಜ್ವರ ಬರಬಹುದು ಎಂದು ಮುಂಚೆಯೇ ಹೇಳಿ, ಇಲ್ಲದಿದ್ದರೆ ಎರಡನೇ ಡೋಸಿಗೆ ಒಪ್ಪುವುದಿಲ್ಲ. ಲಸಿಕೆಗೆ ಮುನ್ನವೇ ಸರ್ಪಸುತ್ತು ಬಂದರೆ ಗುಳ್ಳೆ ಕಂಡ 72 ಗಂಟೆಯೊಳಗೆ ವೈದ್ಯರು ಅಸೈಕ್ಲೊವಿರ್ (ಸಾಮಾನ್ಯವಾಗಿ 800 ಮಿ.ಗ್ರಾಂ, ದಿನಕ್ಕೆ ಐದು ಸಲ, ಏಳು ದಿನ) ಶುರು ಮಾಡಬೇಕು. ಮೂತ್ರಪಿಂಡದ ತೊಂದರೆಯಿದ್ದರೆ ಡೋಸ್ ಇಳಿಸಬೇಕು, ಇಳಿಸದಿದ್ದರೆ ಔಷಧಿಯೇ ಗೊಂದಲ, ಭ್ರಮೆ ತರುತ್ತದೆ. ಕೆಮ್ಮಣ್ಣು ಬಳಿಯುತ್ತಾ ಆ ಮೂರು ದಿನ ಕಳೆಯಬೇಡಿ. ಹಣೆಯ ಮೇಲೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಬಂದರೆ ಅದೇ ದಿನ ಕಣ್ಣಿನ ವೈದ್ಯರಿಗೂ ತೋರಿಸಿ.